ಎರಡನೇ ಆಟೋ

ತೆಲುಗು ಸೀಮೆಯ ಗಡಿಯೂರು ಮಕ್ತಲ್ ಸುತ್ತಿನ ಕನ್ನಡ ಶಾಲೆಗಳಲ್ಲಿ ಮೂವತ್ತೈದು ವರ್ಷ ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ಮಹಾಂತಯ್ಯನಿಗೆ ‘ಹಂಗಾಗಿದ್ರ ಏನಾಗ್ತಿತ್ತು?’ ಎಂದು ಕೇಳುವ ಚಟವಿತ್ತು. ತರಗತಿಯಲ್ಲಿ ಕೇಳುತ್ತಿದ್ದ, ಕಟಿಂಗ್ ಅಂಗಡಿಯಲ್ಲಿ ಕೇಳುತ್ತಿದ್ದ, ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಅದರಲ್ಲೂ ಐವತ್ತಾರನೇ ಇಸವಿಯ ಮಾತು ಬಂದರೆ ಮುಗಿಯಿತು. ಹೈದರಾಬಾದ್ ರಾಜ್ಯವನ್ನು ಭಾಷೆ ನೋಡಿ ಒಡೆದಾಗ ರಾಯಚೂರು ಜಿಲ್ಲೆ ಕನ್ನಡದವರ ಪಾಲಿಗೆ ಹೋಯಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ಎರಡು ತಾಲೂಕು ಮಾತ್ರ ತೆಲುಗಿನವರ ಕಡೆ ಸೇರಿದವು. ಗದ್ವಾಲದ ಬಸ್ಸು ಜೂರಾಲ ಅಣೆಕಟ್ಟೆಯ ಮೇಲೆ ಕೃಷ್ಣೆಯನ್ನು ದಾಟುವಾಗಲೆಲ್ಲ ಮಹಾಂತಯ್ಯ ಪಕ್ಕದಲ್ಲಿ ಯಾರೇ ಕೂತಿರಲಿ, ಅವರ ಮೊಣಕೈ ಮುಟ್ಟಿ, “ಇಲ್ಲಿಂದ ಆಚಿಗಿ ರಾಯಚೂರು ಜಿಲ್ಲಾ ಇತ್ರಿ. ಹಂಗ ಉಳದಿದ್ರ?” ಎಂದು ಶುರು ಮಾಡುತ್ತಿದ್ದ.

ಅವನ ಹೆಂಡತಿ ಶೇಖಮ್ಮನ ತವರು ಅದೇ ಗದ್ವಾಲ ಕಡೆಯ ಗಟ್ಟು ಎಂಬ ಊರು. “ಉಳದಿದ್ರೂ ನಮ್ಮೂರಾಗ ಇಷ್ಟ ಬಿಸಲ ಇರ್ತಿತ್ತು,” ಎಂದು ಆಕೆ ಕಿಟಕಿಯ ಕಡೆ ತಿರುಗುತ್ತಿದ್ದಳು. ಆಗಿಹೋದದ್ದನ್ನು ಬಿಚ್ಚಿ ನೋಡುವುದಕ್ಕೆ ಆಕೆಗೆ ಪುರುಸೊತ್ತಿರಲಿಲ್ಲ. ನಾರಾಯಣಪೇಟೆಯ ಸೀರೆ ವ್ಯಾಪಾರಿ ಗುರುಲಿಂಗ ಕೊಡುವ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವುದು ಆಕೆಯ ಕೆಲಸ. ವಾರಕ್ಕೆ ಮೂರು ಸೀರೆ, ಒಮ್ಮೊಮ್ಮೆ ನಾಲ್ಕು. ಎಳೆ ಹಿಡಿದು ಕೂತರೆ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಬಾಯಿ ಅಕ್ಕಪಕ್ಕದವರ ಜತೆ ಬೇರೆಯೇ ಮಾತಾಡುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಕಟ್ಟಿ ಮುಗಿಸಿದ ಸೀರೆಗಳನ್ನು ಮುಟ್ಟಿಸಲು ಆಕೆ ನಾರಾಯಣಪೇಟೆಗೆ ಹೊರಟಳು. ಮಹಾಂತಯ್ಯ ಚೌರಸ್ತಾದ ತನಕ ಗಂಟು ಹೊತ್ತು ತಂದ. ಬಸ್ಸಿನ ಸುಳಿವಿರಲಿಲ್ಲ. “ಬಸ್ಸಿಗೇನು ಕಾಯ್ತಿ? ಆಟೋ ನಿಂತೈತಿ, ಹತ್ತು. ಮಧ್ಯಾಹ್ನದೊಳಗ ಮನಿಗೆ ಬರ್ತಿ,” ಎಂದು ಗಂಟನ್ನು ಆಟೋದ ಸೀಟಿನ ಮೇಲಿಟ್ಟು ಪೇಪರು ಓದಲು ಚಹಾ ಅಂಗಡಿಗೆ ಹೋದ. ಒಂದು ತಾಸಿನ ಮೇಲೆ ಫೋನು ಬಂತು. ಉಟ್ಕೂರು ದಾಟಿದ ಮೇಲಿನ ತಿರುವಿನಲ್ಲಿ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರು ಬಂದಿತ್ತು. ತಪ್ಪಿಸಲು ಹೋದ ಆಟೋ ರಸ್ತೆ ಪಕ್ಕದ ತಗ್ಗಿಗೆ ಮಗುಚಿತ್ತು. ಉಳಿದವರಿಗೆ ತರಚುಗಾಯ. ಶೇಖಮ್ಮನ ಬಲಗೈ ಮಾತ್ರ ಆಟೋದ ಕಂಬಿಗೂ ನೆಲಕ್ಕೂ ನಡುವೆ ಸಿಕ್ಕು, ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಗದ್ವಾಲದಲ್ಲಿ ಆಪರೇಷನ್ ಆಯಿತು. ಕೈಯೊಳಗೆ ಒಂದು ಲೋಹದ ಪಟ್ಟಿ, ಏಳು ಸ್ಕ್ರೂ. ಆರು ವಾರ ಕೈ ಅಲುಗಿಸುವ ಹಾಗಿಲ್ಲ, ಆಮೇಲೆ ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸಿಕೊಳ್ಳಬೇಕು ಎಂದರು.

ಮಗ ಗುರುಪ್ರಸಾದ ಸೋಲಾರ್ ಪ್ಯಾನೆಲ್ ಕೂಡಿಸುವ ಕೆಲಸದವನು. ತಿಂಗಳಲ್ಲಿ ಹದಿನೈದು ದಿನ ಹೊರಗೇ ಇರುತ್ತಿದ್ದ. ಸೊಸೆ ಶೈಲಜಾ ಉಟ್ಕೂರಿನ ಆಫೀಸಿಗೆ ಎಂಟೂವರೆ ಬಸ್ಸು ಹಿಡಿಯಬೇಕು. ಅಲ್ಲಿಗೆ ಮನೆ ಮಹಾಂತಯ್ಯನ ಕೈಗೆ ಬಂತು. ಅರವತ್ತೆರಡನೇ ವಯಸ್ಸಿನಲ್ಲಿ ಅವನು ಜೋಳದ ಹಿಟ್ಟು ನಾದಲು ಕೂತ. ಮೊದಲ ವಾರದ ರೊಟ್ಟಿಗಳು ತಟ್ಟುವಾಗಲೇ ಒಡೆದುಹೋಗುತ್ತಿದ್ದವು. “ಬಿಸಿನೀರು ಕಡಿಮಿ ಆತು,” ಎಂದು ಶೇಖಮ್ಮ ಕೂತಲ್ಲಿಂದಲೇ ಹೇಳುವಳು. ಮರುದಿನ ನೀರು ಹೆಚ್ಚಾಗುತ್ತಿತ್ತು.

ರೊಟ್ಟಿಗಿಂತ ಕಷ್ಟವಾದದ್ದು ಜಡೆ. ಶೈಲಜಾ ಬೆಳಿಗ್ಗೆಯ ಗಡಿಬಿಡಿಯಲ್ಲೂ ಅತ್ತೆಯ ತಲೆ ಬಾಚಿ ಹೋಗುತ್ತಿದ್ದಳು. ಆದರೆ ಮಲಗಿ ಎದ್ದರೆ ಬಿಚ್ಚಿಹೋಗುತ್ತಿತ್ತು, ಶೇಖಮ್ಮನಿಗೆ ಕೂದಲು ಕೆದರಿಕೊಂಡು ಕೂರುವುದು ಎಂದರೆ ಆಗದು. ಒಂದು ಭಾನುವಾರ ಸೊಸೆ ಹಳೆಯ ಲುಂಗಿ ಹರಿದು ಮೂರು ಪಟ್ಟಿ ಮಾಡಿ ಕಿಟಕಿಯ ಸರಳಿಗೆ ಕಟ್ಟಿದಳು.

“ಮಾವಾರ, ಬರ್ರಿ ಇಲ್ಲೆ. ಬಲಗಡಿದು ನಡುವಿನದರ ಮ್ಯಾಲೆ, ಆಮ್ಯಾಲೆ ಎಡಗಡಿದು. ಬಿಗಿ ಹಿಡೀರಿ.”

ಮಾಸ್ತರು ಅರ್ಧ ತಾಸು ಕಿಟಕಿಗೆ ಜಡೆ ಹೆಣೆದು ಪಾಸಾದ. ಹೆಂಡತಿಯ ಕೂದಲಲ್ಲಿ ಇಷ್ಟು ಬಿಳಿ ಇದೆಯೆಂದು ಅವನಿಗೆ ಗೊತ್ತಾದದ್ದು ಆವತ್ತು. ಹೆಣೆಯುತ್ತ ಹೆಣೆಯುತ್ತ ಅವನ ಕೈ ನಿಂತುಹೋಯಿತು.

“ಯಾಕ, ಮರತೀರೇನು?” ಎಂದಳು ಶೇಖಮ್ಮ.

“ಇಲ್ಲ, ಮರತಿಲ್ಲ,” ಎಂದ. ಮತ್ತೆ ಹೆಣೆಯತೊಡಗಿದ.

ಮರೆಯುವುದು ಅವನಿಂದ ಆಗುತ್ತಲೇ ಇರಲಿಲ್ಲ. ಚೌರಸ್ತಾದಲ್ಲಿ ತಾನು ಆಡಿದ ಮಾತು, ಗಂಟನ್ನು ಸೀಟಿನ ಮೇಲಿಟ್ಟ ತನ್ನ ಕೈ, ಹಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದವು. ಬಸ್ಸಿಗೆ ಕಾಯಿ ಅಂದಿದ್ದರೆ? ತಾನೂ ಜತೆಗೆ ಹೋಗಿದ್ದರೆ? ಪೇಪರು ಓಡಿಹೋಗುತ್ತಿತ್ತೇ? ಜೀವನವಿಡೀ ರಾಜರ ಮೇಲೆ, ನಿಜಾಮನ ಮೇಲೆ, ಗಡಿ ಎಳೆದವರ ಮೇಲೆ ಎಸೆದ ಪ್ರಶ್ನೆ ಈಗ ಒಬ್ಬನನ್ನೇ ಹುಡುಕಿಕೊಂಡು ಬಂದಿತ್ತು. ಆಗಿನಿಂದ ಅವನ ಬಾಯಲ್ಲಿ ಆ ಮಾತು ಬರಲಿಲ್ಲ. ವಾರಕ್ಕೊಮ್ಮೆ ಗದ್ವಾಲಕ್ಕೆ ಹೋಗುವಾಗ ಬಸ್ಸು ಜೂರಾಲ ಕಟ್ಟೆ ದಾಟುತ್ತಿತ್ತು. ಮಹಾಂತಯ್ಯ ಮುಂದಿನ ಸೀಟಿನ ಕಂಬಿ ನೋಡುತ್ತ ಸುಮ್ಮನೆ ಕೂತಿರುತ್ತಿದ್ದ.

ಶೇಖಮ್ಮ ಎರಡು ವಾರ ನೋಡಿದಳು. ಮೂರನೇ ವಾರ ತಾನೇ ಕೆಣಕಿದಳು. “ರಾಯಚೂರು ಜಿಲ್ಲಾ ಬಂತಲ್ರಿ.”

“ಹೂಂ,” ಎಂದ ಅಷ್ಟೇ.

ಆಕೆಗೆ ಮುರಿದ ಕೈಗಿಂತ ಆ ‘ಹೂಂ’ ಹೆಚ್ಚು ಹೆದರಿಕೆ ಹುಟ್ಟಿಸಿತು.

ವ್ಯಾಯಾಮ ಮಾಡಿಸುವ ಹುಡುಗಿಯ ಹೆಸರು ಝಾನ್ಸಿ. ಧರೂರಿನವಳು, ತೆಲುಗಿನಾಕೆ, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡಲು ನಾಚಿಕೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವಾಗ ಶೇಖಮ್ಮನ ಕಣ್ಣಲ್ಲಿ ನೀರು ತುಂಬುತ್ತಿತ್ತು. ನೋವಿನ ಕಡೆ ಲಕ್ಷ್ಯ ಹೋಗದಿರಲಿ ಎಂದು ಝಾನ್ಸಿ ಏನಾದರೂ ಮಾತು ತೆಗೆಯುವಳು. ಐದನೇ ವಾರ, “ಇಂಕೊಂಚಂ ಅಮ್ಮಾ, ಇಂಕೊಂಚಂ... ಇದಿ ಎಲಾ ಜರಿಗಿಂದಿ, ಚೆಪ್ಪಂಡಿ,” ಎಂದಳು. ಇನ್ನೊಂಚೂರು ತಾಳಿಕೊಳ್ಳಿ, ಇದು ಹೇಗಾಯಿತು ಹೇಳಿ ಎಂದು.

ಶೇಖಮ್ಮ ಹಲ್ಲು ಕಚ್ಚಿಕೊಂಡು ತೆಲುಗಿನಲ್ಲಿ ಹೇಳತೊಡಗಿದಳು. ನೀಲಿ ರೇಷ್ಮೆ ದಾರ ಮುಗಿದಿದೆ ಎಂದು ನೆನಪಾದದ್ದು, ಆಟೋದಿಂದ ಇಳಿದು ದಾರದ ಅಂಗಡಿಗೆ ಹೋದದ್ದು, ವಾಪಸು ಬರುವಷ್ಟರಲ್ಲಿ ಆ ಆಟೋ ಹೋಗಿಬಿಟ್ಟಿದ್ದು.

ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಮಹಾಂತಯ್ಯ ತಲೆ ಎತ್ತಿದ. “ಹೋಗಿತ್ತಾ? ಯಾವ ಆಟೋ?”

“ನೀವು ಗಂಟು ಇಟ್ಟಿದ್ರಲ್ಲ, ಅದು. ಗಂಟು ನನ್ನ ಕೈಯಾಗ ಇತ್ತು, ಪುಣ್ಯ.”

“ಮತ್ತ ನೀ ಹೆಂಗ ಹೋದಿ?”

ಶೇಖಮ್ಮ ಝಾನ್ಸಿಯ ಮುಖ ನೋಡಿದಳು, ಛಾವಣಿ ನೋಡಿದಳು. “ಬಸ್ ಬಂತು,” ಎಂದಳು ಮೆಲ್ಲಗೆ. “ಖಾಲಿ ಸೀಟೂ ಇದ್ದುವು. ಹತ್ತಾಕ ಹೋದೆ. ಅಷ್ಟರಾಗ ಉಟ್ಕೂರಿನ ಕುರುಮಮ್ಮ ಇನ್ನೊಂದು ಆಟೋದಾಗಿಂದ ಕೈ ಮಾಡಿದ್ಳು. ಆಕಿ ಮಗಳಿಗೆ ವರ ನೋಡಾಕ ಬಂದಿದ್ರಂತ, ಏನಾತು ಕೇಳೂಣು ಅಂತ ಬಸ್ಸು ಬಿಟ್ಟು ಆಕಿ ಬಾಜೂಕ ಹೋಗಿ ಕುಂತೆ.”

ಝಾನ್ಸಿ ಕೈ ಬಾಗಿಸುವುದನ್ನು ನಿಲ್ಲಿಸಿದ್ದಳು.

“ಮಗುಚಿದ್ದು...”

“ಅದ. ಎರಡನೇದು.”

ಹೊರಗೆ ಬಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ಮಹಾಂತಯ್ಯ ಚಹಾ ಮುಟ್ಟಲಿಲ್ಲ. ಮೂರು ತಿಂಗಳಿಂದ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿದ. ನಾನು ಹತ್ತಿಸಿದೆ, ನನ್ನಿಂದ ನಿನ್ನ ಕೈ ಹೋಯಿತು, ಪ್ರತಿ ಸಲ ಜಡೆ ಹಾಕುವಾಗ ಅದೇ ನೆನಪಾಗುತ್ತದೆ ಎಂದು. ಹೇಳುತ್ತ ಹೇಳುತ್ತ ಅವನಿಗೆ ಸಿಟ್ಟೇ ಬಂತು. “ಇಷ್ಟು ದಿನ ಒಂದು ಮಾತು ಹೇಳಬಾರದೇನು ನೀನು?”

“ಹೆಂಗ ಹೇಳ್ಲಿ? ಹರಟಿ ಹೊಡ್ಯಾಕ ಹೋಗಿ ಕೈ ಮುರ್ಕೊಂಡೆ ಅಂತ ಹೇಳ್ಲಾ? ನೀವು ಹಿಟ್ಟು ಕಲಸ್ಕೋತ ಕುಂತಿದ್ರಿ. ನೋಡಿದಾಗೊಮ್ಮೆ, ಆ ಬಸ್ ಹತ್ತಿದ್ರ ಇವ್ರಿಗೆ ಈ ತಕಲೀಫು ಇರ್ತಿದ್ದಿಲ್ಲ ಅಂತ ನಂಗ ಅನಸ್ತಿತ್ತು.”

“ಅಂದ್ರ ನೀನೂ...”

“ನಾನೂ. ನಿಮ್ಮ ಜತಿ ಮೂವತ್ನಾಕು ವರ್ಷ ಬಾಳ್ವಿ ಮಾಡೀನಿ. ಅಂಟಿಕೊಳ್ಳಲಾರ್ದ ಇರ್ತೈತೇನು ಆ ಚಟ?”

ಮಹಾಂತಯ್ಯ ಆಕೆಯನ್ನೇ ನೋಡಿದ. ಮೊದಲು ಹಗುರವಾಯಿತು. ಆಮೇಲೆ, ನಿಜ ಹೇಳಬೇಕೆಂದರೆ, ಸ್ವಲ್ಪ ಅವಮಾನವೂ ಆಯಿತು. ಮೂವತ್ತೈದು ವರ್ಷ ಮಕ್ಕಳಿಗೆ, ಮೊದಲು ಏನಾಯಿತು ಅಂತ ಸರಿಯಾಗಿ ತಿಳಕೊಳ್ರಿ, ಆಮೇಲೆ ‘ಹಂಗಾಗಿದ್ರ’ ಅನ್ರಿ ಎಂದು ಬೋಧಿಸಿದವನು ತಾನು. ತನ್ನ ಮನೆಯ ಒಂದು ಬೆಳಗಿನ ಚರಿತ್ರೆಯನ್ನೇ ಪೂರ್ತಿ ತಪ್ಪು ಬರೆದುಕೊಂಡು ಮೂರು ತಿಂಗಳು ಅತ್ತಿದ್ದ. ಅವನಿಗೆ ನಗು ಬಂತು. ಚಹಾ ಅಂಗಡಿಯವನು ತಿರುಗಿ ನೋಡುವಷ್ಟು ನಕ್ಕ.

“ಏನಾತ್ರಿ?”

“ಏನಿಲ್ಲ. ಕುರುಮಮ್ಮನ ಮಗಳಿಗೆ ವರ ಒಪ್ಪಿಗಿ ಆತೇನು?”

“ಆಗಿಲ್ಲ. ಆ ಹುಡುಗಿನ ಒಲ್ಲೆ ಅಂದ್ಳಂತ.”

ತಣ್ಣಗಾದ ಚಹಾ ಕುಡಿದು ಬಸ್ಸು ಹತ್ತಿದರು. ಧರೂರಿನ ಗದ್ದೆಗಳು ಹಸುರಾಗಿದ್ದವು, ಕಾಲುವೆಯ ಏರಿಯ ಮೇಲೆ ಎಮ್ಮೆಗಳು ಸಾಲಾಗಿ ಹೊರಟಿದ್ದವು. ಕಟ್ಟೆ ಇನ್ನೂ ದೂರವಿದ್ದಾಗಲೇ ಶೇಖಮ್ಮ ಗಂಡನ ಮೊಣಕೈ ಮುಟ್ಟಿದಳು.

“ಈಗ ಹೇಳ್ರಿ. ಗದ್ವಾಲ ರಾಯಚೂರಿನ ಕಡೆ ಉಳದಿದ್ರ ಏನಾಗ್ತಿತ್ತು? ಪೂರಾ ಹೇಳ್ರಿ, ಒಮ್ಮಿನೂ ನಾ ಪೂರಾ ಕೇಳಿಲ್ಲ.”

ಮಹಾಂತಯ್ಯ ಗಂಟಲು ಸರಿಮಾಡಿಕೊಂಡ. “ಉಳದಿದ್ರ ನೀನು ಕರ್ನಾಟಕದಾಕಿ, ನಾನು ತೆಲುಗಿನವ್ರ ಕಡಿಯಾಂವ. ಗಟ್ಟಿನ ಸಾಲ್ಯಾಗ ನೀ ಕನ್ನಡ ಓದ್ತಿದ್ದಿ. ತೆಲುಗಿನ್ಯಾಗ ಫೇಲ್ ಆಗಿ ಸಾಲಿ ಬಿಡ್ತಿದ್ದಿಲ್ಲ. ಎಸ್ಸೆಸ್ಸೆಲ್ಸಿ ಆಗಿ, ಟೀಚರ್ ಟ್ರೇನಿಂಗ್ ಮಾಡಿ...”

“ನಾನು ಟೀಚರಾ?”

“ಆಗ್ತಿದ್ದಿ. ರಾಯಚೂರಾಗ ಕೆಲಸ. ಆಗ ನಿಮ್ಮಪ್ಪ ಮಕ್ತಲಿನ ಬಡ ಮಾಸ್ತರಿಗೆ ಹೆಣ್ಣು ಕೊಡ್ತಿದ್ನೇನು?”

ಶೇಖಮ್ಮ ಕಿಟಕಿಯ ಕಡೆ ತಿರುಗಿದಳು. ಏಳನೇ ಕ್ಲಾಸಿಗೆ ನಿಂತುಹೋದ ಓದಿನ ಸಂಗತಿ ಆಕೆ ಎಂದೂ ಎತ್ತಿದವಳಲ್ಲ. ಗಂಡ ಅದನ್ನು ಇಷ್ಟು ವರ್ಷ ತನ್ನ ಚರಿತ್ರೆಯೊಳಗೆ ಇಟ್ಟುಕೊಂಡಿದ್ದ ಎಂದು ಈಗ ತಿಳಿಯಿತು. ಕಿಟಕಿಯಾಚೆ ನೀರು ಕಂಡಿತು. ಕಟ್ಟೆಯ ಬಾಗಿಲುಗಳು ಒಂದೊಂದಾಗಿ ಹಿಂದೆ ಸರಿದವು.

“ಕೊಡ್ತಿದ್ದ,” ಎಂದಳು ಕೊನೆಗೆ. “ಗಡಿ ಗೆರಿ ನೋಡಿ ಯಾರು ಹೆಣ್ಣು ಕೊಡ್ತಾರ್ರಿ? ಈಗೇನು ರಾಯಚೂರಿನ ಸೊಸೇರು ನಮ್ಮ ಓಣ್ಯಾಗ ಇಲ್ಲೇನು? ಆದ್ರ ಒಂದು. ನಾನು ಟೀಚರ್ ಆಗಿದ್ರ ರೊಟ್ಟಿ ಬಡಿಯೂದು ನೀವು ಮೂವತ್ನಾಕು ವರ್ಷದ ಹಿಂದ ಕಲೀತಿದ್ರಿ.”

ಹಿಂದಿನ ಸೀಟಿನಲ್ಲಿದ್ದ ಮುದುಕಿಯೂ ನಕ್ಕಳು.

ಕೈ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದು ಝಾನ್ಸಿ ಮೇ ತಿಂಗಳಲ್ಲೇ ಹೇಳಿದಳು. ಮುಷ್ಟಿ ಬಿಗಿಯಾಗುವುದಿಲ್ಲ, ಭಾರ ಎತ್ತಬಾರದು. ಆದರೆ ಬೆರಳು ನೆಟ್ಟಗಿವೆ, ಎಷ್ಟು ದುಡಿಸಿದರೆ ಅಷ್ಟು ಬರುತ್ತವೆ. ಶೇಖಮ್ಮ ಆವತ್ತು ಸಂಜೆ ಊಟ ಬೇಡವೆಂದಳು. ಮರುದಿನ ಬೆಳಿಗ್ಗೆ ಎದ್ದವಳೇ ಹಳೆಯ ಸೀರೆಯೊಂದರ ಸೆರಗು ಬಿಡಿಸಿಕೊಂಡು ಎಳೆ ಹಿಡಿದಳು. ಗಂಟು ಬಿಗಿಯುವ ಗಳಿಗೆಗೆ ಬಲಗೈ ಸೋಲುತ್ತಿತ್ತು. ಎಳೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಎಡಗೈಯಿಂದ ಎಳೆದು ನೋಡಿದಳು. ಹತ್ತು ದಿನಕ್ಕೆ ಒಂದು ಹದ ಸಿಕ್ಕಿತು. ಮಧ್ಯಾಹ್ನ ಕೈ ಊದಿಕೊಂಡಾಗ ಮಹಾಂತಯ್ಯ ತಾನು ಒಂದೆರಡು ಕಟ್ಟುತ್ತೇನೆಂದು ಕೂತ. ಜಡೆ ಹೆಣೆದ ಧೈರ್ಯ ಅವನಿಗೆ.

ಶ್ರಾವಣಕ್ಕೆ ಮುಂಚೆ ಗುರುಲಿಂಗ ಕಳಿಸಿದ್ದ ಎರಡು ಸೀರೆ ಮುಗಿದವು. ಮೊದಲಾದರೆ ನಾಲ್ಕು ದಿನದ ಕೆಲಸ, ಈಗ ಒಂದು ತಿಂಗಳು. ಮುಟ್ಟಿಸಲು ಇಬ್ಬರೂ ಹೊರಟರು. ಚೌರಸ್ತಾದಲ್ಲಿ ಆಟೋ ತುಂಬುತ್ತಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಮಹಾಂತಯ್ಯ ಬಾಯಿ ಬಿಗಿಹಿಡಿದು ನಿಂತ. ಯಾವುದು ಹತ್ತು ಎಂದು ಅವನು ಈ ಜನ್ಮದಲ್ಲಿ ಇನ್ನು ಹೇಳುವವನಲ್ಲ. ಶೇಖಮ್ಮ ಎರಡನ್ನೂ ನೋಡಿ ಆಟೋ ಹತ್ತಿದಳು. ಉಟ್ಕೂರು ದಾಟಿದ ಮೇಲೆ ಆ ತಿರುವು ಬಂದಾಗ ಎಡಗೈಯಿಂದ ಅವನ ಮೊಣಕಾಲು ಹಿಡಿದಳು. ತಿರುವು ಹಿಂದಾದ ಮೇಲೂ ಬಿಡಲಿಲ್ಲ, ನಾರಾಯಣಪೇಟೆಯ ಮಗ್ಗಗಳ ಸದ್ದು ಕೇಳುವ ತನಕ.

ಗುರುಲಿಂಗ ಸೀರೆಗಳನ್ನು ಬೆಳಕಿಗೆ ಹಿಡಿದು ಕುಚ್ಚುಗಳ ಮೇಲೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

“ಅಕ್ಕಾ, ಈ ನಾಕು ನಿನ್ನ ಕೈಯಾವಲ್ಲ.”

“ಮಾಸ್ತರ ಕೈಯಾವು,” ಎಂದಳು ಶೇಖಮ್ಮ.

“ಮಾಸ್ತರ, ಚಲೋ ಪ್ರಯತ್ನ ಮಾಡೀರಿ. ಆದ್ರ ಗಿರಾಕಿ ಮುಂದ ಇಡಾಕ ಬರಾಂಗಿಲ್ರೀ.” ಅವನು ಬೀರುವಿನಿಂದ ಐದು ಸೀರೆ ತೆಗೆದು ಶೇಖಮ್ಮನ ಮುಂದಿಟ್ಟ. “ಹಬ್ಬಕ್ಕ ಬೇಕು. ಆಗ್ತಾವೇನು?”

ಶೇಖಮ್ಮ ಸೀರೆಗಳನ್ನು ನೋಡಿದಳು, ತನ್ನ ಬಲಗೈ ನೋಡಿಕೊಂಡಳು. “ಮೂರು ಕೊಡು,” ಎಂದಳು. “ಮೂರು ಆಗ್ತಾವ.”

ಮಹಾಂತಯ್ಯ ಆಗಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸೂಜಿಯ ಮೊನೆಯಿಂದ ತನ್ನ ನಾಲ್ಕು ಕುಚ್ಚುಗಳನ್ನು ಬಿಚ್ಚತೊಡಗಿದ್ದ. ಶೇಖಮ್ಮ ಬಂದು ಪಕ್ಕದಲ್ಲಿ ಕೂತು, ಚಪ್ಪಲಿ ಕಳಚಿ, ಎಳೆಯನ್ನು ಕಾಲ ಹೆಬ್ಬೆರಳಿಗೆ ಸುತ್ತಿದಳು.

“ಹಂಗಲ್ರಿ. ಸುತ್ತಿ ಒಳಗ ತಗೀರಿ. ಹಾಂ. ಈಗ ಎಳೀರಿ.”