ಹಂಸಾಳ ಖರ್ಚು

ನಿಲ್ಲಿ, ಇದನ್ನ ಪೂರ್ತಿ ಕೇಳಿಸ್ಕೊಂಡೇ ಹೋಗಿ. ರಘುನಂದನ್ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಸಾಂಬಾರ್ ಬಟ್ಟಲಿನ ಪಕ್ಕ ಬೋರಲಾಗಿ ಇಟ್ಟ. ಎದುರಿಗೆ ದಪ್ಪ ಕನ್ನಡಕದ, ಎಂಟು ವರ್ಷದ ಮಗಳು ಹಂಸಾ ದೋಸೆ ಮುರೀತಿದ್ಲು.

ದಿಲ್ಲಿಯ ಮುನಿರ್ಕಾದ ಉಡುಪಿ ಹೋಟ್ಲು. ಭಾನುವಾರ ಹನ್ನೊಂದರಿಂದ ಎರಡರ ತನಕ ಅವಳು ಇವನ ಪಾಲು. ಮಿಕ್ಕಿದ್ದೆಲ್ಲ ವಸಂತ್ ಕುಂಜ್‌ನಲ್ಲಿರೋ ಅಮ್ಮನ ಪಾಲು.

ಹೆಂಡ್ತಿ ಲಾವಣ್ಯಾ ಬೇರೆಯಾಗಿ ವರ್ಷ ಆಗಿತ್ತು. ಮಗಳಿಗೆ ತಿಂಗಳಿಗೆ ಎಷ್ಟು ಕೊಡ್ಬೇಕು ಅಂತ ನಾಳೆ ಕೋರ್ಟಲ್ಲಿ ತೀರ್ಮಾನ. ಲಾವಣ್ಯಾ ಖರ್ಚಿನ ಅಫಿಡವಿಟ್ ಹಾಕಿದ್ಲು: ಸ್ಕೂಲು, ವ್ಯಾನು, ಈಜು, ಕಥಕ್. ಓದಿದಾಗ ಇವನಿಗೆ ಸಿಟ್ಟೂ ಬರ್ಲಿಲ್ಲ. ಗುರುಗ್ರಾಮದ ಆಫೀಸಲ್ಲಿ ಇವನ ಕೆಲಸವೇ ಬೇರೆಯವರ ಬಜೆಟ್ ಕತ್ತರಿಸೋದು. ಕೆಂಪು ಪೆನ್ನು ತಾನಾಗೇ ಕೈಗೆ ಬಂದಿತ್ತು.

"ಮಗೂನೇ ಇದೆಲ್ಲ ಬೇಡ ಅಂದ್ರೆ ಜಡ್ಜ್ ಏನ್ಮಾಡ್ತಾರೆ ಸಾಬ್?" ಅಂದಿದ್ದ ಇವನ ವಕೀಲ ಕಿಶನ್, ನಗ್ತಾ.

"ಈಜು ಇಷ್ಟಾನಾ ಪುಟ್ಟಾ?" ಅಂತ ಈಗ ಮಗಳನ್ನ ಕೇಳ್ದ.

"ಬಹುತ್! ಈಗ ನಾನು ಡೀಪ್ ಸೈಡ್‌ಗೂ ಹೋಗ್ತೀನಿ."

"ಸುಸ್ತಾಗಲ್ವಾ?"

"ಥೋಡಾ. ಸ್ವಲ್ಪಾನೇ."

"ಅಂದ್ರೆ ಬೇಡ ಅನ್ಸುತ್ತೆ, ಅಲ್ವಾ?"

ಅವಳು ಕೈಯಲ್ಲಿದ್ದ ತುಂಡು ವಾಪಸ್ ತಟ್ಟೆಗಿಟ್ಲು. "ಇದು ಕೋರ್ಟ್‌ವಾಲಾ ಪ್ರಶ್ನೆ ನಾ, ಪಪ್ಪಾ?"

"ಸುಮ್ನೆ ಕೇಳ್ದೆ."

"ನಂದು ಖರ್ಚು ಜಾಸ್ತಿ ಆಗೋಯ್ತಾ?"

ಇವನು ನೀರು ಕುಡಿದ. ಲೋಟ ಖಾಲಿಯಾದ್ಮೇಲೂ ಕೆಳಗಿಡ್ಲಿಲ್ಲ.

"ಈಜು ಬೇಡ," ಅಂದ್ಲು ಅವಳು, ಸ್ಕೂಲಲ್ಲಿ ಪ್ರಾರ್ಥನೆ ಹೇಳೋ ಥರ. "ಕಥಕ್ಕೂ ಬೇಡ."

ಸಾಕಾಗಿತ್ತು. ದನಿಯೂ ಸ್ಪಷ್ಟವಾಗಿತ್ತು. ರೆಕಾರ್ಡಿಂಗ್ ನಿಲ್ಲಿಸೋಕೆ ಕೈ ಫೋನಿನ ಕಡೆ ಹೋಯ್ತು.

"ಚಶ್ಮಾನೂ ಬೇಡ. ಮುಂದಿನ ಬೆಂಚಲ್ಲಿ ಕೂತ್ರೆ ಕಾಣುತ್ತೆ. ಆಮೇಲೆ ನೀನು ಮನೆಗೆ ವಾಪಸ್ ಬರ್ತೀಯಾ?"

ಕಿಶನ್‌ಗೆ ಕಳಿಸೋ ಮುಂಚೆ ಈ ಕೊನೇ ಮಾತು ಕತ್ತರಿಸ್ಬೇಕು ಅಂತ ಹೊಳೀತು. ಎಷ್ಟು ಬೇಗ ಹೊಳೀತು ಅಂತ ಅವನಿಗೇ ಆಶ್ಚರ್ಯ.

"ನೋಡೋಣ," ಅಂದ.

ಅವಳಿಗೆ ಅಷ್ಟೇ ಸಾಕಾಯ್ತು. ಕನ್ನಡಕ ತೆಗೆದು, ಮಡಚಿ, ಮೇಜಿನ ಮೇಲೆ ಇವನ ಕಡೆ ತಳ್ಳಿದ್ಲು. ಆಮೇಲೆ ಕಣ್ಣು ಕಿರಿದು ಮಾಡಿ, ಇವನಿಗಿಂತ ಒಂಚೂರು ಪಕ್ಕಕ್ಕೆ, ಖಾಲಿ ಕುರ್ಚಿ ಕಡೆ ನೋಡಿ ನಕ್ಕಳು.

ಅಲ್ಲಾ, ನೀವಾಗಿದ್ರೆ ಏನ್ಮಾಡ್ತಿದ್ರಿ?