ಬಸ್ಸು ಹಿಡಿಸುವ ತಿಮಿಂಗಿಲ

ಆ ಡ್ರೈವರನ ಬಸ್ಸಿಗೆ ಬ್ರೇಕ್ ಇತ್ತು, ಬಾಯಿಗೆ ಇರಲಿಲ್ಲ. ಬಸ್ಸನ್ನೇನೋ ಮಲಗಿದ ಮಗು ಏಳದ ಹಾಗೆ ಓಡಿಸುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೇರಿಂಗ್ ಬಿಟ್ಟು ಕೆಳಗಿಳಿದನೋ, ರೈಲು ಬಿಡುವುದಕ್ಕೆ ಶುರು. ಬೆಳಿಗ್ಗೆ ರಸ್ತೆಗೆ ಅಡ್ಡ ಬಂದ ನಾಯಿ ಮಧ್ಯಾಹ್ನದ ಹೊತ್ತಿಗೆ ಕರುವಾಗಿ, ಸಂಜೆ ಡಿಪೋ ಸೇರುವಾಗ ಎಮ್ಮೆಯಾಗಿರುತ್ತಿತ್ತು. ಕೆಟ್ಟವನಲ್ಲ, ಪಾಪ. ಕೇಳುವವರ ಮುಖ ಅರಳಬೇಕು ಅನ್ನುವುದೊಂದೇ ಚಪಲ. ಮುಖ ಅರಳಿಸುವುದಕ್ಕೆ ಸುಳ್ಳಿನಷ್ಟು ಸಲೀಸಾದದ್ದು ಇನ್ನೇನಿದೆ ಹೇಳಿ.

ಅವನ ಹೆಂಡತಿ ಮದುವೆಯಾದ ಹೊಸದರಲ್ಲೇ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಗಂಡ ಏನೇ ಹೇಳಲಿ, ಅರ್ಧ ಮಾಡುವುದು. ಹತ್ತು ಜನ ಊಟಕ್ಕೆ ಬರುತ್ತಾರೆ ಅಂದರೆ ಐದು ತಟ್ಟೆ ತೊಳೆಯುವುದು. 'ಅರ್ಧ ಗಂಟೇಲಿ ಬಂದೆ' ಅನ್ನುವ ಮಾತೊಂದನ್ನು ಮಾತ್ರ ದುಪ್ಪಟ್ಟು ಮಾಡಬೇಕಿತ್ತು. ಮಗಳಂತೂ ಮಗ್ಗಿ ಕಲಿಯುವ ಮೊದಲೇ ಈ ಲೆಕ್ಕ ಕಲಿತಳು. ಮನೆಯಲ್ಲಿ ಅದೇ ಒಂದು ತಮಾಷೆ. ಆಮೇಲೆ ಒಂದು ವರ್ಷ ಹೆಂಡತಿ ಅರ್ಧ ಮಾಡುವುದನ್ನೇ ಬಿಟ್ಟಳು. ಅವನು ಏನು ಹೇಳಿದರೂ 'ಆಯ್ತು' ಅನ್ನುತ್ತಿದ್ದಳು. ಮನೆ ಶಾಂತವಾಯಿತು ಅಂದುಕೊಂಡ, ದಡ್ಡ. ಮಕ್ಕಳಿಬ್ಬರನ್ನೂ ಕರೆದುಕೊಂಡು ಅವಳು ಅಕ್ಕನ ಮನೆಯ ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿದಾಗಲೇ ಅವನಿಗೆ ಗೊತ್ತಾದದ್ದು, ಆ 'ಆಯ್ತು' ಅಂದರೆ ಏನಂತ.

ಈಗ ಡ್ಯೂಟಿ ಇಲ್ಲದ ಭಾನುವಾರ ಮಕ್ಕಳು ಅವನ ಪಾಲಿಗೆ. ಡ್ಯೂಟಿ ಇದ್ದರೂ ಅವನು 'ಖಂಡಿತ ಬರ್ತೀನಿ' ಅಂತಲೇ ಹೇಳಿ ಹೋಗುತ್ತಿದ್ದ, ಬರುತ್ತಿರಲಿಲ್ಲ. ಎಂಟು ವರ್ಷದ ಮಗಳು, ಅವನು ಜಡ್ಜಮ್ಮ ಅಂತ ಕರೆಯುವವಳು, ಶೂ ಹಾಕಿಕೊಂಡು ಹೊಸಿಲ ಮೇಲೆ ಕೂತು ಕಾಯುತ್ತಿದ್ದಳು. ನಾಲ್ಕು ವರ್ಷದ ಗುಂಡನೂ ಅಕ್ಕನ ಪಕ್ಕ ಶೂ ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದ. ಈಚೆಗೆ ಜಡ್ಜಮ್ಮ ಶೂ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ ಅಂತ ಅವಳ ತಾಯಿ ಫೋನಿನಲ್ಲಿ ಹೇಳಿದಳು.

ಆದರೆ ತಿಮಿಂಗಿಲ ಮಾತ್ರ ಸುಳ್ಳಲ್ಲ. ಅವನು ಗುಂಡನಷ್ಟಿದ್ದಾಗ ಆಡಿದ ಮೈದಾನದಲ್ಲಿ ಕಾಂಕ್ರೀಟಿನ ತಿಮಿಂಗಿಲವೊಂದಿತ್ತು. ಬಾಯೊಳಗೆ ನುಗ್ಗಿದರೆ ಹೊಟ್ಟೆಯಲ್ಲಿ ಕತ್ತಲೋ ಕತ್ತಲು, ನಡೆದಷ್ಟೂ ಮುಗಿಯದು. ಪ್ಯಾಸೆಂಜರ್ ಸಮೇತ ಒಂದು ಬಸ್ಸು ಆರಾಮಾಗಿ ಹಿಡಿಸುತ್ತದೆ ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದ್ದನೋ. ಹಳೆಯ ಕಾಲದ ನೆನಪು ಅಂತ ಆ ಮೈದಾನವನ್ನು ಕೆಡವದೆ, ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ ಅಂತ ತಿಳಿದ ದಿನ ಅವನು ಡಿಪೋದಲ್ಲಿ ಕುಣಿದುಬಿಟ್ಟ. ಡ್ಯೂಟಿ ಇಲ್ಲದ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಟೇಬಿಟ್ಟ.

"ಇದನ್ನೂ ಅರ್ಧ ಮಾಡ್ಬೇಕಾ?" ಬಸ್ಸಿನಲ್ಲಿ ಕೂತು ಜಡ್ಜಮ್ಮ ಕೇಳಿದಳು.

"ಒಂದಿಂಚೂ ಮಾಡ್ಬೇಡ! ನಾನೇ ಕಣ್ಣಾರೆ ಕಂಡಿದ್ದು."

"ಸುಳ್ಳಾದ್ರೆ ಇನ್ಮೇಲೆ ನೀನು ಹೇಳಿದ್ದು ಯಾವುದನ್ನೂ ನಂಬಲ್ಲ. ಅರ್ಧಾನೂ ನಂಬಲ್ಲ."

"ಒಪ್ಪಿದೆ!" ಅಂದ ಧೈರ್ಯವಾಗಿ. ಪ್ಯಾಸೆಂಜರಾಗಿ ಕೂತಿದ್ದರೂ ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಗುಂಡ ಕಿಟಕಿಗೆ ಮೂಗು ಒತ್ತಿಕೊಂಡು, ಅಂಗಡಿ ಕಂಡರೂ ಟ್ಯಾಂಕರ್ ಕಂಡರೂ "ಅದೇನಾ ತಿಮಿಂಗಿಲ?" ಅಂತ ಕೇಳುತ್ತಿದ್ದ.

ಗೇಟಿನ ಪಕ್ಕ ಹೊಸ ಬೋರ್ಡು, ಒಳಗೆ ಹಳೆಯ ಪ್ರಾಣಿಗಳು. ಮಕ್ಕಳು ಕೂತು ಕೂತು ಬೆನ್ನು ನುಣ್ಣಗಾದ ಆಮೆ. ಎಂಟು ಕೈಯನ್ನೂ ಜಾರುಬಂಡಿ ಮಾಡಿಕೊಂಡ ಆಕ್ಟೋಪಸ್, ಅದರ ಒಂದು ಕೈಗೆ ಹಾಕಿದ ತೇಪೆಯ ಸಿಮೆಂಟಿನ ಬಣ್ಣವೇ ಬೇರೆ. ಡ್ರೈವರನ ಎದೆ ಹಿಗ್ಗಿತು. ಎಲ್ಲವನ್ನೂ ದಾಟಿಕೊಂಡು ದಾಪುಗಾಲು ಹಾಕಿದ, ಮಕ್ಕಳು ಹಿಂದೆ ಓಡಿದರು. ಮರದ ಕೆಳಗೆ ನೀಲಿ ಗಾಜಿನ ಚೂರು ಮೆತ್ತಿದ ತಿಮಿಂಗಿಲವೊಂದು ಬಾಯಿ ತೆರೆದುಕೊಂಡಿತ್ತು. ಅದರ ಬೆನ್ನು ಅವನ ಭುಜಕ್ಕೆ ಬರುತ್ತಿತ್ತು.

ಇದು ಮರಿ ಇರಬೇಕು ಅಂದುಕೊಂಡ. ಸುತ್ತ ಹುಡುಕಿದ. ಮರದ ಹಿಂದೆ ನೀರಿನ ನಲ್ಲಿ ಇತ್ತು, ಅದರ ಹಿಂದೆ ಕಾಂಪೌಂಡು. ಎಲೆ ಗುಡಿಸುತ್ತಿದ್ದ ಕಾವಲುಗಾರನನ್ನು ಕೇಳಿದ, "ದೊಡ್ಡ ತಿಮಿಂಗಿಲ ಎಲ್ಲಿದೆ?"

"ಇರೋದೇ ಒಂದು, ಸ್ವಾಮಿ."

"ಮೊದಲಿಂದಾನೂ?"

"ನಾನು ಹುಡುಗನಾಗಿದ್ದಾಗಿಂದ ಇದೇ. ಬಣ್ಣ ಕೂಡ ಬದಲಾಗಿಲ್ಲ," ಅಂದ ಕಾವಲುಗಾರ ಹೆಮ್ಮೆಯಿಂದ.

ಅಯ್ಯೋ ದೇವರೇ! ಜನ್ಮದಲ್ಲಿ ಒಂದೇ ಒಂದು ಸಲ ಆಣೆ ಹಾಕುವಂಥ ನಿಜ ಹೇಳಿದ್ದೆ ಅಂದುಕೊಂಡರೆ ಅದೂ ಹೀಗಾಗಬೇಕೆ? ನಾಲಗೆ ತನ್ನಷ್ಟಕ್ಕೆ ಕೆಲಸ ಶುರು ಮಾಡಿತು. ದೊಡ್ಡದನ್ನು ರಿಪೇರಿಗೆ ಬೇರೆ ಊರಿಗೆ ಸಾಗಿಸಿದ್ದಾರಂತೆ, ಕ್ರೇನ್ ತಂದಿದ್ದರಂತೆ, ಮೂರು ಕ್ರೇನ್... ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಜಡ್ಜಮ್ಮ ಬಂದು ಅವನ ಪಕ್ಕ ನಿಂತಳು. ತಿಮಿಂಗಿಲವನ್ನು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

"ದೊಡ್ಡದಾಗೇ ಇದೆ ಅಪ್ಪ," ಅಂದಳು ಮೆಲ್ಲಗೆ. "ಬಸ್ಸು ಹಿಡಿಸತ್ತೆ. ಆಯ್ತಾ?"

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ನಕ್ಕಿದ್ದರೆ ತಾನೂ ನಗುತ್ತಿದ್ದ. ಇದು ಅವಳ ತಾಯಿಯ ಆ ಕೊನೆಯ ವರ್ಷದ ದನಿ. ಅರ್ಧ ಮಾಡುವವರೆಗೆ ಮನುಷ್ಯರಿಗೆ ಇನ್ನೂ ಅರ್ಧ ನಂಬಿಕೆ ಇರುತ್ತದೆ. ಆಯ್ತು ಅಂದರೋ, ಮುಗಿಯಿತು. ಎಂಟು ವರ್ಷದ ಮಗು ತನ್ನನ್ನು ಸಮಾಧಾನ ಮಾಡುವುದಕ್ಕೆ ಸುಳ್ಳು ಹೇಳುತ್ತಿದೆ, ಅದೂ ಇಷ್ಟು ಚೆನ್ನಾಗಿ. ಯಾರಿಂದ ಕಲಿತಳು ಅಂತ ಕೇಳುವ ಹಾಗೂ ಇರಲಿಲ್ಲ.

ಗುಂಡ ಆಗಲೇ ಒಳಗೆ ನುಗ್ಗಿ ಕೂಗು ಹಾಕುತ್ತಿದ್ದ. "ಅಪ್ಪಾ! ಇಲ್ಲಿ ರಾತ್ರಿ ಆಗೋಗಿದೆ! ಬಾ!"

ಡ್ರೈವರ್ ಮಂಡಿಯೂರಿ ತಿಮಿಂಗಿಲದ ಬಾಯೊಳಗೆ ತೂರಿಕೊಂಡ. ತಲೆ ಎರಡು ಸಲ ಬಡಿಯಿತು, ಪ್ಯಾಂಟಿನ ಹೊಲಿಗೆ ಚರ್ ಅಂತು. ಜಡ್ಜಮ್ಮ ಹಿಂದೆಯೇ ಬಂದು ಎದುರು ಕೂತಳು. ಕಣ್ಣಿನ ತೂತಿನಿಂದ ಬಂದ ಬೆಳಕು ಅವಳ ಫ್ರಾಕಿನ ಮೇಲೆ ಬಿದ್ದಿತ್ತು. ಅವಳ ಕಾಲು ಅವನ ಹೊಟ್ಟೆಗೆ ಒತ್ತುತ್ತಿತ್ತು, ಅಷ್ಟೇ ಜಾಗ.

"ಬಸ್ಸು ಹಿಡಿಸಲ್ಲ ಮಗಳೇ," ಅಂದ. "ಒಂದು ಸ್ಕೂಟರ್ ಹಿಡಿಸ್ಬಹುದು. ಅದೂ ಕನ್ನಡಿ ಬಿಚ್ಚಿಟ್ರೆ."

ಅವಳಿಗೆ ಕಿಸಕ್ಕನೆ ನಗು ಬಂತು. ಆಮೇಲೆ ಜಡ್ಜಮ್ಮನ ಮುಖ ಮಾಡಿಕೊಂಡಳು. "ಹಾಗಾದ್ರೆ ಸುಳ್ಳು ಹೇಳಿದ್ದಾ?"

"ಬೇಕಾದಷ್ಟು ಹೇಳಿದೀನಿ, ನಿಂಗೂ ಗೊತ್ತು. ಆದ್ರೆ ಇದು ಸುಳ್ಳು ಅಂತ ನಂಗೇ ಗೊತ್ತಿರಲಿಲ್ಲ. ಆಗ ನಾನು ಗುಂಡನಷ್ಟೇ ಇದ್ದೆ. ನೋಡು ಅವನ್ನ."

ಗುಂಡ ಒಳಗೆ, ತಿಮಿಂಗಿಲದ ಬೆನ್ನು ಎತ್ತರವಾದ ಕಡೆ ನಿಂತು ಎರಡು ಕೈಯನ್ನೂ ಮೇಲೆತ್ತಿ, ಎಟುಕದ ಛಾವಣಿಗೆ ಹಾರುತ್ತಿದ್ದ. ಜಡ್ಜಮ್ಮ ಬಹಳ ಹೊತ್ತು ನೋಡಿದಳು. ಅಪ್ಪನ ಬಗ್ಗಿದ ಕುತ್ತಿಗೆಯನ್ನೂ ನೋಡಿದಳು.

"ಮುಂದಿನ ಭಾನುವಾರ ಬರ್ತೀಯಾ?" ಕೇಳಿದಳು.

ಖಂಡಿತ ಅನ್ನುವ ಮಾತು ಹಲ್ಲಿಗೆ ಬಂದು ತಾಗಿತು. ಎಷ್ಟು ಸುಲಭದ ಮಾತದು! ಗುಂಡ ಕೂಡ ಹಾರುವುದನ್ನು ಬಿಟ್ಟು ಇತ್ತ ತಿರುಗಿದ್ದ. ಡಿಪೋದ ಗೋಡೆಯ ಮೇಲೆ ಡ್ಯೂಟಿ ಚಾರ್ಟ್ ಹಾಕಿ ಆಗಿತ್ತು, ಅವನೇ ನೋಡಿಕೊಂಡು ಬಂದಿದ್ದ.

"ಇಲ್ಲ ಮಗಳೇ. ಬರಕ್ಕಾಗಲ್ಲ, ಡ್ಯೂಟಿ ಇದೆ. ಅದರ ಮುಂದಿನ ಭಾನುವಾರ ಬರ್ತೀನಿ."

ಗುಂಡ ತಿಮಿಂಗಿಲದ ಹೊಟ್ಟೆ ಬಿರಿಯುವ ಹಾಗೆ ಅಳುವುದಕ್ಕೆ ಹಿಡಿದ. ನಿಜ ಹೇಳಿದರೆ ಇಂಥದ್ದೆಲ್ಲ ನೋಡಬೇಕಾಗುತ್ತದೆ ಅಂತ ಹೆದರಿಯೇ ಅಲ್ಲವೆ ಇವನು ಇಷ್ಟು ವರ್ಷ ರೈಲು ಬಿಟ್ಟದ್ದು. ಗುಂಡನನ್ನು ತೊಡೆಯ ಮೇಲೆ ಎಳೆದುಕೊಂಡು, ಸಿಂಬಳ ಒರೆಸಿ, ಅಳು ನಿಲ್ಲುವವರೆಗೆ ಸುಮ್ಮನೆ ಕೂತ. ಆನೆ ಕೊಡಿಸುತ್ತೇನೆ, ಕುದುರೆ ಕೊಡಿಸುತ್ತೇನೆ ಅನ್ನಲಿಲ್ಲ. ಜಡ್ಜಮ್ಮನ ಮನಸ್ಸಿನಲ್ಲೇನಿದೆ ಅಂತ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಆಕ್ಟೋಪಸ್ಸಿನ ಎಂಟು ಕೈಯಲ್ಲೂ ಜಾರಿದರು, ಆಮೆಯ ಮೇಲೆ ಕೂತು ಬಿಸ್ಕತ್ತು ತಿಂದರು. ವಾಪಸ್ ಬರುವಾಗ ಇಬ್ಬರೂ ಬಸ್ಸಿನಲ್ಲಿ ಅವನ ಮೈಮೇಲೆ ಒರಗಿ ನಿದ್ದೆ ಹೊಡೆದರು.

ಮನೆಯ ಬಾಗಿಲು ತೆರೆದವಳು ಮಕ್ಕಳ ತಾಯಿ, ಔಷಧಿ ಅಂಗಡಿಯ ಕೆಲಸದಿಂದ ಆಗತಾನೆ ಬಂದಿದ್ದಳು. ಅವನ ಹರಿದ ಪ್ಯಾಂಟನ್ನು ನೋಡಿದಳು. ಅವನು ಗುಂಡನನ್ನು ಅವಳ ಹೆಗಲಿಗೆ ದಾಟಿಸಿ, ಮೆಟ್ಟಿಲಿಳಿಯತೊಡಗಿದ. ಒಳಗೆ ಜಡ್ಜಮ್ಮ ಶೂ ಬಿಚ್ಚುತ್ತಾ ಮಾತಾಡುವುದು ಕೇಳಿಸಿತು.

"ಅಮ್ಮ, ಮುಂದಿನ ಭಾನುವಾರ ಅಪ್ಪ ಬರಲ್ಲ. ಅದರ ಮುಂದಿನ ಭಾನುವಾರ ಬರ್ತಾರೆ. ಅವತ್ತು ನಮ್ಮನ್ನ ಬೇಗ ಎಬ್ಬಿಸು."

"ಬರೋದು ಗ್ಯಾರಂಟಿನಾ? ಯಾರು ಹೇಳಿದ್ದು?"

ಡ್ರೈವರನ ಕಾಲು ನಡು ಮೆಟ್ಟಿಲಲ್ಲಿ ನಿಂತಿತು.

"ಅಪ್ಪ," ಅಂದಳು ಮಗಳು. ಇನ್ನು ಕೇಳುವುದಕ್ಕೇನಿದೆ ಅನ್ನುವ ಹಾಗೆ, ಎರಡನೆಯ ಶೂವಿಗೆ ಕೈ ಹಾಕಿದಳು.