ಬಾಣಂತಿ ಕೋಣೆಯ ಕದ

"ಕಾಕಾ, ಅದನ್ನ ಮುಟ್ಟಬ್ಯಾಡ್ರಿ!"

ಅನುರಾಧಾ ಕೊಡವನ್ನು ದಾರಿಯಲ್ಲೇ ಇಳಿಸಿ ಓಡಿದಳು. ಆದರೆ ತಡವಾಗಿತ್ತು. ದಿಲೀಪ ಕಾಕಾ ಮತ್ತು ಓಣಿಯ ಗಂಡಸರು ಬೇವಿನ ಮರಕ್ಕೆ ಒರಗಿಸಿಟ್ಟಿದ್ದ ಸಾಗವಾನಿ ಕದವನ್ನು ಅಂಗಳದಲ್ಲಿ ಹಾಸಿ, ಅದರ ಮೇಲೆ ಅವಳಪ್ಪ ಪೀರಪ್ಪನ ಹೆಣವನ್ನು ಮಲಗಿಸಿ, ಮೊದಲ ಚೊಂಬು ನೀರು ಹಾಕಿಯಾಗಿತ್ತು.

"ನಮ್ಮಣ್ಣಗ ಮಣ್ಣಾಗ ಮಲಗಿಸಿ ಜಳಕ ಮಾಡಸಬೇಕಿತ್ತೇನು?" ಎಂದ ದಿಲೀಪ. "ಹಲಗಿ ಹುಡುಕಿದ್ವಿ, ಇದೇ ಸಿಕ್ತು."

"ಅದು ಸುಮಿತ್ರಾಬಾಯಾರ ಮನೀದು ಕಾಕಾ. ಬಾಣಂತಿ ಕೋಣಿ ಬಾಗಲ."

ದಿಲೀಪನ ಕೈ ಅಲ್ಲೇ ನಿಂತಿತು. ಕದದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ತಾಯಿ ಮಲ್ಕಮ್ಮನೇ ಹೇಳಿದಳು: "ಹಾಕಿದ ನೀರು ಹೊಳ್ಳಿ ಬರ್ತದೇನು? ಜಳಕ ಮುಗಸ್ರಿ."

*

ಪೀರಪ್ಪ ಬಡಿಗನಲ್ಲ. ಹಳೇ ಬಾಗಿಲುಗಳ ಬಣ್ಣ ತೆಗೆಯುವುದಷ್ಟೇ ಅವನ ಕಸುಬು. ಉರಿ ಹಿಡಿದು, ಬಣ್ಣ ಉಬ್ಬಿದಾಗ ಕಬ್ಬಿಣದ ಪಟ್ಟಿಯಿಂದ ಕೆರೆಯುತ್ತಿದ್ದ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಮ್ಮಣ್ಣಿನ ಬಣ್ಣ, ಎಲ್ಲದರ ಕೆಳಗೆ ಯಾರದೋ ಅಜ್ಜನ ಕಾಲದ ಕಟ್ಟಿಗೆ.

ಗೊಬ್ಬೂರಿನ ದೊಡ್ಡ ಮನೆಗಳಲ್ಲಿ ಒಳಬಾಗಿಲು ಬಿಚ್ಚಿ ದನದ ಕೊಟ್ಟಿಗೆಗೆ ತಂದು ಕೊಡುತ್ತಿದ್ದರು. ಅವನು ಅಲ್ಲೇ ಕೂತು ಕೆರೆಯಬೇಕು. ತಿರುಗಿ ಕೂಡಿಸಲು ಬೇರೆಯವರು. ಈ ಕೇರಿಯವನು ಒಳಗೆ ಹೋಗುವುದೆಂತು? ಒಮ್ಮೆ ಸುಮಿತ್ರಾಬಾಯಿ, ಆಗಿನ್ನೂ ಹೊಸ ಸೊಸೆ, "ಪೀರಪ್ಪ, ನೀನೇ ಒಳಗ ಬಂದು ಕೂಡಸು," ಅಂದರು. ಅತ್ತೆ ಅಂದು ಊಟ ಬಿಟ್ಟರು. ಪೀರಪ್ಪನ ಕೈಯಿಂದ ತಿರುಪುಗಳೆಲ್ಲ ನೆಲಕ್ಕೆ ಉರುಳಿದವು. ಮನೆಗೆ ಬಂದು ಅವನು ಅತ್ತೆಯ ಸುದ್ದಿ ಎತ್ತಲಿಲ್ಲ. "ಒಳಗ ನೆಲ ಎಷ್ಟು ತಂಪದ ಗೊತ್ತೇನ ಮಲ್ಕೀ," ಎಂದಷ್ಟೇ ಹೇಳಿದ.

ಈಗ ಆ ಸುಮಿತ್ರಾಬಾಯಿಯ ಮಗಳು ಸೃಷ್ಟಿ ಹೆರಿಗೆಗೆ ತವರಿಗೆ ಬಂದು ಹಡೆದಿದ್ದಳು. ಬಾಣಂತಿ ಕೋಣೆಯ ಬಾಗಿಲಿನ ಬಣ್ಣ ಹೊಪ್ಪಳೆಯೆದ್ದು ತೊಟ್ಟಿಲಿಗೆ ಉದುರುತ್ತಿತ್ತು. ಅಪ್ಪ ಮಗಳು ಸೇರಿ ಒಳಗೆ ಹೋಗಿ ಕದ ಬಿಚ್ಚಿ ಮನೆಗೆ ತಂದಿದ್ದರು. ಬಾಗಿಲಿಗೆ ಸದ್ಯಕ್ಕೆ ಒಂದು ಹಳೇ ಸೀರೆ ಇಳಿಬಿಟ್ಟಿದ್ದರು. ನಿನ್ನೆ ಸಂಜೆ ಕೊನೆಯ ಬಣ್ಣ ಕೆರೆದ ಪೀರಪ್ಪ ಎದೆ ಒತ್ತಿಕೊಂಡು ಕೂತವನು ಮತ್ತೆ ಏಳಲಿಲ್ಲ.

*

ಬಿಳಿ ಬಟ್ಟೆ ಹೊದಿಸಿದರು, ಬುದ್ಧನ ತ್ರಿಶರಣ ಹೇಳಿದರು. ಅನುರಾಧಾಳ ಬಾಯಿ ಹೇಳುತ್ತಿದ್ದರೂ ಕಣ್ಣು ಒದ್ದೆ ಕದದ ಮೇಲೇ ಇತ್ತು.

"ಒರಸಿ, ಉಜ್ಜಿ, ಕೂಡಿಸಿ ಬಂದ್ಬಿಡು," ಎಂದ ದಿಲೀಪ ಮೆಲ್ಲಗೆ. "ಅವರಿಗ್ಯಾರು ಹೇಳ್ತಾರ?"

"ನಾಳಿ ಆ ಕೂಸಿಗಿ ಜ್ವರ ಬಂದ್ರ?"

ಕೂಸಿಗೆ ಜ್ವರ ಬರದೆ ಇರುತ್ತದೆಯೇ? ಬಂದ ದಿನ ಊರೆಲ್ಲ ಈ ಕದದ ಕಡೆ ಬೆರಳು ತೋರಿಸುತ್ತದೆ. ಆಮೇಲೆ ಪೀರಪ್ಪನ ಮಗಳ ಕೈಗೆ ಯಾರು ಬಾಗಿಲು ಕೊಡುತ್ತಾರೆ?

ಅಷ್ಟರಲ್ಲಿ ಸುಮಿತ್ರಾಬಾಯಿಯೇ ಹಾರ ಹಿಡಿದು ಬಂದರು. ಹಾರ ಹಾಕಿ ಮಲ್ಕಮ್ಮನ ಪಕ್ಕದಲ್ಲಿ ಕೂತರು. ಅವರು ಹೊರಟಾಗ ಅನುರಾಧಾ ಹಿಂದೆಯೇ ಹೋಗಿ, ಕದವನ್ನು ಮತ್ತೆ ಒರಗಿಸಿಟ್ಟಿದ್ದ ಬೇವಿನ ಕೆಳಗೆ ಅವರನ್ನು ನಿಲ್ಲಿಸಿದಳು.

"ಅವ್ವಾರ, ನಿಮ್ಮ ಬಾಗಲ ಮ್ಯಾಲೆ ನಮ್ಮಪ್ಪಗ ಜಳಕ ಮಾಡಿಸ್ಯಾರ್ರಿ. ನಾ ನೀರಿಗಿ ಹೋದಾಗ. ಗೊತ್ತಿಲ್ಲದ ಮಾಡ್ಯಾರ್ರಿ."

ಸುಮಿತ್ರಾಬಾಯಿ ಕದ ನೋಡಿದರು. ಬೆರಳು ಸೆರಗಿನ ತುದಿ ಸುತ್ತತೊಡಗಿತು.

"ಸೂತಕ ಇಲ್ಲಂತ ದಿನಾ ವಚನ ಹೇಳ್ತೇನಿ," ಎಂದರು. "ಖರೇ ಹೇಳ್ತೇನಿ ಅನುರಾಧಾ, ನನಗ ಅಂಜಿಕಿ ಬರಾಕತ್ತದ. ಮನ್ಯಾಗ ಹಸಿಗೂಸದ."

"ಬ್ಯಾಡಂದ್ರ ಬ್ಯಾಡ್ರಿ. ಬ್ಯಾರೆ ಹಲಗಿ..."

"ಯಾಕ ಹೇಳ್ದಿ? ಮುಚ್ಚಿಟ್ಟಿದ್ರ ನನಗೇನು ತಿಳೀತಿತ್ತು?"

ಅನುರಾಧಾ ಅಂಗೈಯಿಂದ ಕದದ ಅಂಚಿನ ನೀರು ಒರಸತೊಡಗಿದಳು.

ಸುಮಿತ್ರಾಬಾಯಿ ಓಣಿಯ ತಿರುವಿನವರೆಗೆ ಹೋಗಿ ಹೊಳ್ಳಿ ಬಂದರು. "ಮಣ್ಣು ಮುಗಿದ ಮ್ಯಾಲೆ ತಂದು ಕೂಡಸು. ಇವತ್ತೇ. ನಾಳಿಗಿ ಬಿಟ್ರ ನನಗ ಈ ಧೈರ್ಯ ಇರೂದಿಲ್ಲ."

*

ಮಣ್ಣು ಮುಗಿದಾಗ ಬಿಸಿಲು ಇಳಿದಿತ್ತು. "ಹೋಗು," ಎಂದಳು ಮಲ್ಕಮ್ಮ. "ಅಂವ ಇದ್ದಿದ್ರ ಅಂವನೂ ಹೋಗ್ತಿದ್ದ."

ಕದ ಹೊತ್ತು ತಂದ ದಿಲೀಪ ಹೊಸ್ತಿಲ ಹೊರಗೇ ನಿಂತುಬಿಟ್ಟ. ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಅನುರಾಧಾ ಒಬ್ಬಳೇ ಕದವನ್ನು ನೆಲಕ್ಕೆ ತಾಗದಂತೆ ಎತ್ತಿಕೊಂಡು ಒಯ್ದಳು. ಚೌಕಟ್ಟಿಗೆ ಹಿಡಿದರೆ ಬಿಜಾಗ್ರಿಗೆ ತಿರುಪು ಹಾಕಲು ಕೈ ಸಾಲದು. ಕದ ವಾಲಿತು. ಸೀರೆಯ ಆಚೆ ಸೃಷ್ಟಿ ಗಾಬರಿಯಿಂದ "ಯವ್ವಾ," ಎಂದಳು.

ಸುಮಿತ್ರಾಬಾಯಿ ಸೆರಗು ಸಿಕ್ಕಿಸಿ ಮುಂದೆ ಬಂದರು. ಎರಡೂ ಕೈಯಿಂದ ಕದವನ್ನು ಅಪ್ಪಿ ಹಿಡಿದು ಭುಜ ಕೊಟ್ಟರು.

"ಲಗೂನ ಬಿಗಿ," ಎಂದರು.

ಒಳಗೆ ಕೂಸು ಅಳತೊಡಗಿತು. ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೂ ಆರದ ಕಟ್ಟಿಗೆಗೆ ಕೆನ್ನೆ ಒತ್ತಿ ನಿಂತರು. ಕೈ ಮಾತ್ರ ಸಡಿಲಿಸಲಿಲ್ಲ.